ಹಂಚಿನ ಮನೆಯಲ್ಲಿ ಗ್ಯಾಲರಿ: ನನ್ನ ಅನುಭವ

ಮಂಗಳೂರಿನ ಹಳೇ ಹಂಚಿನ ಮನೆಯೊಂದನ್ನು ಚಿತ್ರಗಳ ಗ್ಯಾಲರಿ ಮಾಡುತ್ತೇವೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಎ.ಸಿ. ಎಲ್ಲಿ ಕೂರಿಸ್ತೀರಿ?" ಎಲ್ಲೂ ಕೂರಿಸಲಿಲ್ಲ. ಈಗಲೂ ಇಲ್ಲ. ಆದರೂ ಚಿತ್ರಗಳು ಚೆನ್ನಾಗಿವೆ. ಹೇಗೆ ಅಂತ ವಿವರವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಕರಾವಳಿ, ಮಲೆನಾಡು ಕಡೆ ಖಾಲಿ ಬಿದ್ದ ಹಳೇ ಮನೆಗಳಿಗೆ ಬರ ಇಲ್ಲ. ಚಿತ್ರ ತೋರಿಸಲು ಜಾಗ ಸಿಗದೆ ಒದ್ದಾಡುವ ಕಲಾವಿದರಿಗೂ ಬರ ಇಲ್ಲ.

ನಾನು ಫ್ರೇಮ್ ಕಟ್ಟುವವನು. ನಮ್ಮ ಗುಂಪಿನಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟ್ರುಗಳಿದ್ದಾರೆ, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಬರೆಯುವವರಿದ್ದಾರೆ, ಬ್ಯಾಂಕ್ ಕೆಲಸ ಮುಗಿಸಿ ಬಂದು ಜಲವರ್ಣ ಮಾಡುವವರಿದ್ದಾರೆ. ತಿಂಗಳಿಗಿಷ್ಟು ಅಂತ ಎಲ್ಲರೂ ದುಡ್ಡು ಹಾಕಿ, ಹಂಪನಕಟ್ಟೆಯ ಹತ್ತಿರ ಮಹಡಿ ಮೇಲೆ ಒಂದು ಶಟರ್ ರೂಮು ಹಿಡಿದಿದ್ದೆವು. ಭಾನುವಾರ ಮಕ್ಕಳ ಕ್ಲಾಸ್ ಶುರುವಾದ ಮೇಲೆ ಜಾಗ ಸಾಲದಾಯಿತು. ಅಪ್ಪ ಅಮ್ಮಂದಿರು ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದರು. ಚಿತ್ರ ತೂಗಿಸಿದರೆ ಮಕ್ಕಳಿಗೆ ಜಾಗ ಇಲ್ಲ, ಮಕ್ಕಳು ಬಂದರೆ ಚಿತ್ರಕ್ಕೆ ಜಾಗ ಇಲ್ಲ.

ಬೋಳಾರದ ಮನೆಯ ಸುದ್ದಿ ತಂದದ್ದು ನಮ್ಮ ಬೋರ್ಡ್ ಬರೆಯುವವರೇ. ದೊಡ್ಡ ಮನೆ, ಮುರಕಲ್ಲಿನ ಗೋಡೆ, ಉದ್ದದ ಜಗಲಿ, ಒಳಗೆ ಚಾವಡಿ, ಅದರ ಸುತ್ತ ಕೋಣೆಗಳು, ಕಾವಿ ಬಣ್ಣದ ನುಣುಪು ನೆಲ. ಮನೆಯವರು ಮುಂಬೈ, ಮಸ್ಕತ್ ಅಂತ ಚದುರಿಹೋಗಿದ್ದರು. ಊರಲ್ಲಿ ಉಳಿದವರು ಹಿರಿಯ ಹೆಂಗಸೊಬ್ಬರೇ. ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಈ ಮನೆ ಯಾವ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ. ನಾಳೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರೂ ಯಾರೂ ತಡೆಯುವುದಿಲ್ಲ. ನಮ್ಮ ಊರಿನ ಬಹುಪಾಲು ಹಳೇ ಮನೆಗಳ ಕಥೆ ಇದೇ ಅಲ್ವಾ?

ಮೊದಲ ಕೆಲಸ ಕಾಗದದ್ದು. ಅದರಲ್ಲಿ ಅವಸರ ಬೇಡ ಅಂತ ನಾನು ಹಟ ಹಿಡಿದೆ. ಸಾಮಾನ್ಯವಾಗಿ 11 ತಿಂಗಳ ಅಗ್ರಿಮೆಂಟ್ ಮಾಡುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅಂತ. ಆದರೆ ಮಾಡು, ಅಂದರೆ ಹಂಚಿನ ಚಾವಣಿ, ರಿಪೇರಿಗೆ ನಮ್ಮ ದುಡ್ಡು ಸುರಿದ ಮೇಲೆ, ಹನ್ನೆರಡನೇ ತಿಂಗಳಿಗೆ ಖಾಲಿ ಮಾಡಿ ಅಂದರೆ? ಅದಕ್ಕೇ ದೀರ್ಘಾವಧಿಯ ಲೀಸ್, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ. ಇಲ್ಲಿ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಬರುವ ಆಸ್ತಿಯ, ಪಾಲು ಇರುವ ಮನೆಗಳಲ್ಲಿ ಹಕ್ಕುದಾರರು ಜಾಸ್ತಿ. ಒಬ್ಬರ ಸಹಿ ಬಿಟ್ಟರೂ ಮುಂದೆ ತಕರಾರು ಬರುತ್ತದೆ. ಪರದೇಶದಲ್ಲಿ ಇರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಿದರು. ಅದೆಲ್ಲ ಬರುವ ತನಕ ಮನೆಯ ಒಂದು ಹಂಚನ್ನೂ ಮುಟ್ಟಲಿಲ್ಲ.

ದೊಡ್ಡಮ್ಮ ಬಾಡಿಗೆ ಎಷ್ಟು ಅಂತ ಕೇಳಲಿಲ್ಲ. ಅವರು ಕೇಳಿದ್ದು ಬೇರೆ.

"ಗೋಡೆಗೆ ಮೊಳೆ ಹೊಡಿಲಿಕ್ಕುಂಟಾ?"

"ಇಲ್ಲ ದೊಡ್ಡಮ್ಮ."

"ಮತ್ತೆ ಪಟ ಎಲ್ಲಿ ನೇತು ಹಾಕುವುದು ಮಾರಾಯ್ರೆ, ಗಾಳಿಯಲ್ಲಾ?"

ಒಳ್ಳೇ ಪ್ರಶ್ನೆ. ಮುರಕಲ್ಲು ತೂತು ತೂತಾದ ಕಲ್ಲು. ಅದರ ಮೇಲೆ ಸುಣ್ಣದ ಗಾರೆ. ಮೊಳೆ ಹೊಡೆದರೆ ಅಂಗೈ ಅಗಲದ ಗಾರೆ ಉದುರುತ್ತದೆ, ಮೊಳೆಯೂ ಗಟ್ಟಿ ನಿಲ್ಲುವುದಿಲ್ಲ. ಪ್ರತಿ ಪ್ರದರ್ಶನಕ್ಕೆ ಹೊಸ ಮೊಳೆ ಅಂದರೆ ಕೆಲವೇ ವರ್ಷದಲ್ಲಿ ಗೋಡೆ ಮುಗಿದಂತೆ. ಹಾಗಾಗಿ ಗೋಡೆಯ ತಲೆಯ ಮೇಲೆ ಮಲಗಿಸಿರುವ ಮರಕ್ಕೆ ಅಲ್ಯೂಮಿನಿಯಂ ರೈಲು ಸ್ಕ್ರೂ ಮಾಡಿಸಿದೆವು. ಅದರಿಂದ ತೆಳ್ಳಗಿನ ಸ್ಟೀಲ್ ತಂತಿ ಇಳಿಯುತ್ತದೆ, ತಂತಿಯ ಕೊಕ್ಕೆಗೆ ಫ್ರೇಮ್. ಚಿತ್ರ ಅತ್ತಿತ್ತ ಸರಿಸಬಹುದು, ಮೇಲೆ ಕೆಳಗೆ ಮಾಡಬಹುದು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ತೂಗಿಸುವುದು ರೂಢಿ. ನಮ್ಮಲ್ಲಿ ಮಕ್ಕಳು ಜಾಸ್ತಿ, ಹಾಗಾಗಿ ಸ್ವಲ್ಪ ತಗ್ಗಿಸಿದ್ದೇವೆ.

ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಡಿಗೆ ಹೋಯಿತು. ಸರಿಯಾಗಿಯೇ ಹೋಯಿತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡು ಸರಿ ಇಲ್ಲದೆ ಲೈಟು, ಬಣ್ಣ ಅಂತ ಖರ್ಚು ಮಾಡುವುದು ದಂಡ. ಹಳೇ ಹಂಚು ತೆಗೆದು ತಗಡಿನ ಶೀಟು ಹಾಕಿ ಅಂತ ಸಲಹೆ ಕೊಟ್ಟವರಿದ್ದರು. ಒಪ್ಪಲಿಲ್ಲ. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಶೀಟು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ಕೂರಲು ಆಗುವುದಿಲ್ಲ, ಮಳೆಯ ಸದ್ದಿಗೆ ಮಾತು ಕೇಳುವುದಿಲ್ಲ.

ಹಂಚು ಇಳಿಸುವಾಗ ಒಂದು ವಿಷಯ ಕಲಿತೆವು. ಪ್ರತಿ ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಹಂಚಿನ ಮೇಲೆ 1865 ಅಂತ ಇರುತ್ತದೆ. ಅದನ್ನು ನೋಡಿ "ಈ ಮನೆ 1865ರದ್ದು" ಅಂತ ಖುಷಿಪಡುವವರು ಬಹಳ. ಅದು ಹಂಚು ಸುಟ್ಟ ವರ್ಷ ಅಲ್ಲ, ನೇತ್ರಾವತಿ ದಡದ ಜೆಪ್ಪುವಿನಲ್ಲಿ ಮಿಶನ್ ತನ್ನ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹಂಚಿನ ಮೇಲಿನ ಹೆಸರೂ ಬದಲಾಯಿತು. ನಮ್ಮ ಮಾಡಿನಲ್ಲಿ ಎರಡೂ ಇದ್ದವು, ಜೊತೆಗೆ ಅಲ್ಬುಕರ್ಕ್ ಹಂಚೂ ಇತ್ತು. ಅಂದರೆ ಆ ಮನೆಯವರು ಕಾಲಕಾಲಕ್ಕೆ ಒಡೆದ ಕಡೆ ಸಿಕ್ಕಿದ ಹಂಚು ಹೊದಿಸುತ್ತಾ ಬಂದಿದ್ದರು.

ಸೋರುತ್ತಿದ್ದುದಕ್ಕೆ ಕಾರಣವೂ ಅದೇ. ಒಂದು ಕಂಪನಿಯ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕೂರುವುದಿಲ್ಲ. ಅಂಚಿನ ಕಚ್ಚು ಒಂದು ಕೂದಲೆಳೆ ಆಚೀಚೆ ಆದರೂ ಸಾಕು, ಜೋರು ಗಾಳಿ ಬಂದಾಗ ನೀರು ಒಳಗೆ ನುಗ್ಗುತ್ತದೆ. ಹಾಗಾಗಿ ಅಂಗಳದಲ್ಲಿ ಹೆಸರು ನೋಡಿ ನೋಡಿ ರಾಶಿ ಮಾಡಿದೆವು. ಭಾನುವಾರದ ಕ್ಲಾಸಿನ ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ ಆಯಿತು. ಹಂಚಿನ ಕೆಲಸದವರು ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಟಣ್ ಅಂದರೆ ಒಳ್ಳೇದು, ಡಬ್ ಅಂದರೆ ಒಳಗೆ ಬಿರುಕು. ಮುಂದಿನ ಇಳಿಜಾರಿಗೆ ಪೂರ್ತಿ ಬಾಸೆಲ್ ಮಿಶನ್, ಹಿಂದಕ್ಕೆ ಪೂರ್ತಿ ಕಾಮನ್‌ವೆಲ್ತ್, ಜಗಲಿಗೆ ಅಲ್ಬುಕರ್ಕ್. ಕಡಿಮೆ ಬಿದ್ದದ್ದನ್ನು ಕೆಡವುತ್ತಿದ್ದ ಮನೆಗಳಿಂದ ತಂದೆವು. ಗೆದ್ದಲು ಹಿಡಿದ ರೀಪುಗಳನ್ನೆಲ್ಲ (ಹಂಚು ಕೂರುವ ತೆಳು ಮರದ ಪಟ್ಟಿಗಳು) ಬದಲಾಯಿಸಿದೆವು. ರೀಪು ಹೊರುವ ಇಳಿಜಾರು ಮರಗಳು, ಅಂದರೆ ಪಕ್ಕಾಸು, ಹೆಚ್ಚಿನವು ಗಟ್ಟಿ ಇದ್ದವು. ಈಗ ಪ್ರತಿ ವರ್ಷ ಮಳೆಗೆ ಮೊದಲು ಒಮ್ಮೆ ಮಾಡಿಗೆ ಹತ್ತಿಸುವುದು ಕಡ್ಡಾಯ ಖರ್ಚು.

ಗೋಡೆಯದ್ದು ತಾಳ್ಮೆಯ ಕೆಲಸ. ಕೆಳಭಾಗಕ್ಕೆ ಯಾವಾಗಲೋ ಸಿಮೆಂಟ್ ಗಾರೆ ಬಳಿದಿದ್ದರು. ನೆಲದಿಂದ ಏರಿದ ತೇವ ಹೊರಗೆ ಬರಲು ಆಗದೆ ಸಿಮೆಂಟಿನ ಹಿಂದೆ ಕೂತು, ಅದರ ಮೇಲಿನ ಗಾರೆಯನ್ನು ಉಪ್ಪಿನಂತೆ ಪುಡಿ ಮಾಡಿತ್ತು. ಸಿಮೆಂಟ್ ಕೆತ್ತಿ ತೆಗೆಸಿ, ಒಂದು ಇಡೀ ಬೇಸಿಗೆ ಗೋಡೆಯನ್ನು ಹಾಗೇ ಬಿಟ್ಟೆವು. ಆಮೇಲೆ ಸುಣ್ಣದ ಗಾರೆ, ಮೇಲೆ ಚಿಪ್ಪಿನ ಸುಣ್ಣ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಬೇಗ ಮುಗಿಯುತ್ತಿತ್ತು, ಆದರೆ ಗೋಡೆಯ ಉಸಿರು ಮತ್ತೆ ಕಟ್ಟುತ್ತಿತ್ತು. ಸುಣ್ಣದ ಬಿಳಿ ಹಾಲಿನಷ್ಟು ಬಿಳಿ ಅಲ್ಲ. ಅದರ ಮೇಲೆ ಜಲವರ್ಣ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಬಣ್ಣದ ಅಂಗಡಿಯ ಯಾವ ಬಿಳಿಯೂ ನನಗೆ ಈಗ ರುಚಿಸುವುದಿಲ್ಲ.

ಬೆಳಕಿನ ವಿಷಯ. ಚಾವಡಿಯ ಮಾಡಿನಲ್ಲಿ ಗಾಜಿನ ಹಂಚುಗಳಿವೆ. ಅವುಗಳಿಂದ ಬಿಸಿಲಿನ ತುಂಡು ಇಳಿದು ನೆಲ, ಗೋಡೆ ಅಂತ ಸರಿಯುತ್ತಾ ಹೋಗುತ್ತದೆ. ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ ಬೆಳಕು ಸಾಕು ಅಂತ ಮ್ಯೂಸಿಯಂನವರು ಹೇಳುತ್ತಾರೆ, ಎಣ್ಣೆಬಣ್ಣಕ್ಕೆ 200ರ ತನಕ. ನೇರ ಬಿಸಿಲಂತೂ ಅದರ ನೂರಾರು ಪಟ್ಟು. ಹಾಗಾಗಿ ಗಂಟೆಗೊಮ್ಮೆ ಆ ತುಂಡಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ಡಿಸೆಂಬರಿನ ಗೆರೆ ನೋಡಿ ಮೇ ತಿಂಗಳ ಚಿತ್ರ ತೂಗಿಸಬಾರದು. ಮಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕೆ ಇರುತ್ತಾನೆ, ಉಳಿದಾಗ ದಕ್ಷಿಣಕ್ಕೆ. ಬಿಸಿಲಿನ ತುಂಡು ಅದಕ್ಕೆ ತಕ್ಕಂತೆ ಎದುರು ಬದಿಗೆ ಹೋಗುತ್ತದೆ. ಗಾಜಿನ ಹಂಚು ಮುಚ್ಚಿಬಿಡಿ ಅಂದರು. ಅದನ್ನು ಮುಚ್ಚಿದರೆ ಆ ಚಾವಡಿಯಲ್ಲಿ ಇನ್ನೇನು ಉಳಿಯುತ್ತದೆ? ಬಿಸಿಲು ಬೀಳುವ ಜಾಗವನ್ನು ಮಣ್ಣಿನ, ಮರದ, ಹಿತ್ತಾಳೆಯ ಕೆಲಸಗಳಿಗೆ ಬಿಟ್ಟುಕೊಟ್ಟೆವು. ಅವಕ್ಕೆ ಆ ಬೆಳಕು ವರ.

ಇನ್ನು ತೇವ. ತೇವಾಂಶ ಶೇಕಡಾ 65-70 ದಾಟಿ ಹಾಗೇ ನಿಂತರೆ ಬೂಸ್ಟು ಬರುತ್ತದೆ. ನಮ್ಮ ಜುಲೈಯಲ್ಲಿ ಅದು ಎಷ್ಟೋ ದಿನ 90ರ ಹತ್ತಿರ ಇರುತ್ತದೆ. ಎ.ಸಿ. ಹಾಕಿ ಇಡೀ ದಿನ, ಇಡೀ ವರ್ಷ ಓಡಿಸುವ ತಾಕತ್ತು ಇದ್ದವರ ಮಾತು ಬೇರೆ. ಅಂಥ ತಾಕತ್ತಿಗೆ ಒಂದು ಉದಾಹರಣೆ: ಬೆಂಗಳೂರಿನಲ್ಲಿ ಮಾಣಿಕ್ಯವೇಲು ಮನೆಯಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾದಾಗ ಹಳೇ ಬಂಗಲೆಯ ಜೊತೆಗೆ ಹೊಸ ಕಟ್ಟಡವನ್ನೂ ಕಟ್ಟಿದರು. ನಮ್ಮಂಥವರು ಹಗಲು ಎ.ಸಿ. ಹಾಕಿ ರಾತ್ರಿ ಆರಿಸಿದರೆ ಕ್ಯಾನ್ವಾಸ್ ದಿನಾ ಬಿಗಿದು ದಿನಾ ಸಡಿಲವಾಗುತ್ತದೆ, ತಣ್ಣಗಾದ ಗಾಜಿನ ಒಳಗೆ ಬೆವರು ಕೂರುತ್ತದೆ. ಅದಕ್ಕಿಂತ ಸದಾ ಗಾಳಿ ಆಡುವ ಕೋಣೆಯೇ ಲೇಸು.

ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ಹಿಂದಿನ ಹಾರ್ಡ್‌ಬೋರ್ಡ್ ತೇವ ಹೀರಿ ಉಬ್ಬುತ್ತದೆ, ಅದನ್ನು ಬಿಟ್ಟು ಪ್ಲಾಸ್ಟಿಕ್ ಶೀಟು ಹಾಕುತ್ತೇನೆ. ಚಿತ್ರ ಗಾಜಿಗೆ ತಾಗದಂತೆ ನಡುವೆ ಆಮ್ಲ ಇಲ್ಲದ ರಟ್ಟಿನ ಅಂಚು, ಅಂದರೆ ಮೌಂಟ್. ಫ್ರೇಮಿನ ಹಿಂಬದಿ ಮೂಲೆಗಳಿಗೆ ಬಾಟಲಿ ಬೂಚಿನ ಚೂರು ಅಂಟಿಸುತ್ತೇನೆ, ಗೋಡೆಗೂ ಫ್ರೇಮಿಗೂ ನಡುವೆ ಬೆರಳಗಲ ಗಾಳಿ ಹೋಗಲಿ ಅಂತ. ಮಳೆಗಾಲದಲ್ಲಿ ಹೊರಗೋಡೆಗೆ ಏನೂ ತೂಗಿಸುವುದಿಲ್ಲ. ಫ್ಯಾನ್ ನಿಧಾನಕ್ಕೆ ತಿರುಗುತ್ತಲೇ ಇರುತ್ತದೆ. ಚಿತ್ರ ಇಡುವ ಚಿಕ್ಕ ಕೋಣೆಗೆ ಮಾತ್ರ ತೇವ ಹೀರುವ ಯಂತ್ರ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದದ ಚಿತ್ರಗಳ ಪ್ರದರ್ಶನವೇ ಇಲ್ಲ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಣ್ಣಿನ ಕೆಲಸದ ಶಿಬಿರ, ಬುಟ್ಟಿ ಹೆಣೆಯುವವರ ಪ್ರದರ್ಶನ. ಇದರಿಂದ ನಮ್ಮ ಗ್ಯಾಲರಿಗೆ ಮೊದಲು ಇಲ್ಲದ ಜನ ಬಂದರು, ಕುಂಬಾರರು, ಬುಟ್ಟಿ ಹೆಣೆಯುವವರು, ಮರಗೆಲಸದವರು.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ: ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಿ.ಎಸ್.ಆರ್. ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ, ಎಲ್ಲೆಲ್ಲಿ ಹಾಕಬಹುದು ಅಂತ ಪಟ್ಟಿ ಇದೆ. ಚಾರಿತ್ರಿಕ ಕಟ್ಟಡಗಳ ಜೀರ್ಣೋದ್ಧಾರ, ಕಲೆ, ಸಂಸ್ಕೃತಿ ಅದರಲ್ಲಿ ಸೇರಿವೆ. ಅದಕ್ಕೆ ಟ್ರಸ್ಟ್ ನೋಂದಣಿ, ಲೆಕ್ಕಪತ್ರ ಎಲ್ಲ ಸರಿ ಇರಬೇಕು. ನಮಗೆ ಸ್ವಲ್ಪ ಹಾಗೆ ಬಂತು, ಉಳಿದದ್ದು ಸದಸ್ಯರ ಕೈಯಿಂದ.

ಊರಲ್ಲಿ ದಾರಿ ತೋರಿಸಿದವರೂ ಇದ್ದರು. ಕೋಡಿಯಾಲ್‌ಗುತ್ತಿನ ಹಳೇ ಮನೆಯಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ನಡೆಸುವ ಪ್ರದರ್ಶನಗಳನ್ನು ನೋಡಿಯೇ ನಮಗೂ ಧೈರ್ಯ ಬಂದದ್ದು. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಆಂಟೊನಿಯೊ ಮೊಸ್ಕೆನಿ ಸುಮಾರು 1900ರ ಹೊತ್ತಿಗೆ ಬರೆದ ಚಿತ್ರಗಳನ್ನು 1990ರ ದಶಕದಲ್ಲಿ ಸರಿಪಡಿಸಲಾಯಿತು. ಇದೇ ಉಪ್ಪುಗಾಳಿಯಲ್ಲಿ ಅವು ಇಂದಿಗೂ ಇವೆ.

ಶಟರ್ ರೂಮಿಗೆ ಬರಲು ಹಿಂಜರಿಯುತ್ತಿದ್ದ ಜನ ಇಲ್ಲಿ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಸೀದಾ ಒಳಗೆ ಬರುತ್ತಾರೆ. ಮೀನು ಮಾರಿ ಮನೆಗೆ ಹೋಗುವ ಹೆಂಗಸರು ಕೂತು ದಣಿವಾರಿಸಿಕೊಂಡು, ಹಾಗೇ ಒಂದು ಸುತ್ತು ಚಿತ್ರ ನೋಡಿ ಹೋಗುತ್ತಾರೆ. ಟಿಕೆಟ್ ಇಡೋಣ ಅಂದವರಿಗೆ ನಾನು ಇದನ್ನೇ ತೋರಿಸುತ್ತೇನೆ. ಟಿಕೆಟ್ ಇಟ್ಟರೆ ಇವರು ಬರುವುದಿಲ್ಲ.

ಒಂದು ಕೆಲಸಕ್ಕೆ ಮಾತ್ರ ನಾವು ಇಲ್ಲ ಅನ್ನುತ್ತೇವೆ. ಚಿತ್ರಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಒಬ್ಬರು ತೀರಿಕೊಂಡ ತಂದೆಯ ಜಲವರ್ಣಗಳ ಕಟ್ಟು ತಂದು "ನೀವೇ ಇಟ್ಟುಕೊಳ್ಳಿ, ನಮ್ಮ ಮನೆಯಲ್ಲಿ ಹಾಳಾಗ್ತದೆ" ಅಂದರು. ಬಂದರಿನ ಹಾಯಿದೋಣಿಗಳು, ದೋಣಿ ನಿಲ್ಲುವ ಹಳೇ ಧಕ್ಕೆ, ಬಹಳ ಚೆಂದದ ಕೆಲಸ. ಆಸೆ ಆಗಲಿಲ್ಲ ಅಂತಲ್ಲ. ಆದರೆ ನೂರು ವರ್ಷ ಕಾಗದ ಕಾಯುತ್ತೇವೆ ಅಂತ ಮಾತು ಕೊಡುವ ಮನೆ ಇದಲ್ಲ. ಜನವರಿಯ ಒಣ ಹವೆಯಲ್ಲಿ ಅವನ್ನು ಪ್ರದರ್ಶಿಸಿದೆವು, ಒಂದೊಂದನ್ನೂ ಸ್ಕ್ಯಾನ್ ಮಾಡಿ ಕೊಟ್ಟೆವು. ಫ್ರೇಮ್ ನಾನೇ ಹೊಸದಾಗಿ ಕಟ್ಟಿಕೊಟ್ಟೆ. ತೇವ ನಿಯಂತ್ರಿಸುವ ಕೋಣೆ ಇರುವ ಸಂಸ್ಥೆಯೊಂದಕ್ಕೆ ಮೂಲಚಿತ್ರಗಳನ್ನು ಕೊಡುವ ಮಾತುಕತೆಗೆ ಆ ಮನೆಯವರ ಜೊತೆ ನಾವೂ ಹೋಗುತ್ತಿದ್ದೇವೆ.