ಮಗುವಿಗೆ ‘ನಾಗರತ್ನ’ ಅಂತ ಇಡಬೇಕೋ ಬೇಡವೋ: ಮನೆಯಲ್ಲಿ ಒಮ್ಮತ ಇಲ್ಲದಾಗ ಮಾಡಬೇಕಾದ್ದು

ಹೆಣ್ಣು ಮಗು ಹುಟ್ಟಿದೆ. ಅಜ್ಜಿಯ ಹೆಸರು ನಾಗರತ್ನಮ್ಮ. ಇಲ್ಲವೇ ಮಕ್ಕಳಾಗಲಿ ಎಂದು ಕುಕ್ಕೆಗೋ ಘಾಟಿ ಸುಬ್ರಹ್ಮಣ್ಯಕ್ಕೋ ಹರಕೆ ಹೊತ್ತಿದ್ದರು. ‘ನಾಗರತ್ನ ಅಂತಲೇ ಇಡಬೇಕು’ ಎಂದು ಹಿರಿಯರು ಪಟ್ಟು ಹಿಡಿದಿದ್ದಾರೆ. ‘ಈ ಕಾಲದಲ್ಲಿ ಯಾರಾದರೂ ಈ ಹೆಸರು ಇಡ್ತಾರಾ’ ಎಂದು ಬಾಣಂತಿ ಮುಖ ತಿರುಗಿಸಿದ್ದಾಳೆ. ಗಂಡ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಾನೆ. ಸಾವಿತ್ರಿ, ಗಿರಿಜಾ, ಸರೋಜಮ್ಮ, ಜಯಲಕ್ಷ್ಮಿ ಯಾವ ಹೆಸರಿಗಾದರೂ ಇಲ್ಲಿ ಹೇಳುವ ಕ್ರಮವೇ ಸಾಕು. ನಾಗರತ್ನವನ್ನು ಆರಿಸಿಕೊಂಡ ಕಾರಣ, ಈ ಒಂದು ಹೆಸರಿನಲ್ಲಿ ತೊಡಕುಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಜಗಳ ಹೆಸರಿನ ಯಾವ ಭಾಗದ ಮೇಲೆ?

ಇಡೀ ಹೆಸರೇ ಬೇಡ ಎನ್ನುವವರು ಕಡಿಮೆ. ಒಬ್ಬರಿಗೆ ಕೊನೆಯ ‘ಅಮ್ಮ’ ಬೇಡ. ಇನ್ನೊಬ್ಬರಿಗೆ ಮಕ್ಕಳು ‘ನಾಗಿಣಿ’ ಎಂದು ರೇಗಿಸುತ್ತಾರೆಂಬ ಅಂಜಿಕೆ. ಮತ್ತೊಬ್ಬರ ಚಿಂತೆಯೆಲ್ಲ ಇಂಗ್ಲಿಷ್ ಸ್ಪೆಲ್ಲಿಂಗಿನದು. ಹಾಗಾಗಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ‘ಬೇಕಾ, ಬೇಡವಾ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಎರಡು ಪಕ್ಷವಾಗುತ್ತದೆ, ಆಮೇಲೆ ಯಾರೂ ಬಗ್ಗುವುದಿಲ್ಲ. ಒಬ್ಬೊಬ್ಬರನ್ನೇ ಬೇರೆಯಾಗಿ ವಿಚಾರಿಸಿ, ಬೇಡ ಎನ್ನುವವರಿಗೆ ಯಾವ ಭಾಗ ಬೇಡ, ಬೇಕು ಎನ್ನುವವರಿಗೆ ಯಾವ ಭಾಗ ಬೇಕೇ ಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಅಜ್ಜಿ ಇದ್ದರೆ ಮೊದಲು ಅವರನ್ನೇ ಕೇಳಿ. ‘ನನ್ನ ಹಳೇ ಹೆಸರು ಯಾಕಪ್ಪ ಆ ಕೂಸಿಗೆ’ ಎನ್ನುವ ಅಜ್ಜಿಯರು ಬೇಕಾದಷ್ಟಿದ್ದಾರೆ. ಹಟ ಹಿಡಿದಿರುವುದು ಅನೇಕ ಸಲ ಅವರಲ್ಲ, ಅವರ ಮಗ. ಇನ್ನು ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಇಡದ ಮನೆತನಗಳೂ ಇವೆ, ಸಂತೋಷವಾಗಿ ಇಡುವ ಮನೆತನಗಳೂ ಇವೆ. ನಿಮ್ಮ ಎರಡೂ ಕಡೆಯ ಪದ್ಧತಿ ಏನೆಂದು ತೊಟ್ಟಿಲಿನ ದಿನಕ್ಕೆ ಮುಂಚೆಯೇ ತಿಳಿದುಕೊಳ್ಳಿ, ತೊಟ್ಟಿಲ ಮುಂದೆ ತಿಳಿಯುವುದು ಬೇಡ.

ಹರಕೆಯೋ, ಅಜ್ಜಿಯ ನೆನಪೋ?

ಹೆಸರನ್ನು ಎಲ್ಲಿ ಕತ್ತರಿಸಬಹುದು ಎಂಬುದು ಈ ಪ್ರಶ್ನೆಯ ಮೇಲೆ ನಿಂತಿದೆ. ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದರೆ, ನಾಗಪ್ರತಿಷ್ಠೆ ಮಾಡಿಸಿದ್ದರೆ, ಹಿರಿಯರ ಲೆಕ್ಕದಲ್ಲಿ ಉಳಿಯಬೇಕಾದ್ದು ‘ನಾಗ’. ಬರೀ ‘ರತ್ನ’ ಎಂದು ಇಟ್ಟರೆ ಹರಕೆ ತೀರಿತು ಎಂದು ಅವರು ಒಪ್ಪುವುದಿಲ್ಲ. ಮುಂದೆ ಮಗುವಿಗೆ ಚರ್ಮದ ಮೇಲೆ ಒಂದು ಬೊಕ್ಕೆ ಎದ್ದರೂ ಆ ಮಾತು ಮತ್ತೆ ಬರುತ್ತದೆ. ಇಂಥ ಮನೆಯಲ್ಲಿ ನಾಗಶ್ರೀ, ನಾಗವೇಣಿ, ನಾಗಲಕ್ಷ್ಮಿ, ನಾಗಭೂಷಣಿಯ ಕಡೆ ಹೋಗಬಹುದು. ಇವುಗಳಲ್ಲಿ ನಾಗಶ್ರೀಗೆ ಕಿರಿಯರಿಂದಲೂ ಬೇಗ ಒಪ್ಪಿಗೆ ಸಿಗುತ್ತದೆ.

ಹರಕೆ ಇಲ್ಲ, ಅಜ್ಜಿಯ ಹೆಸರು ಉಳಿಯಬೇಕು ಅಷ್ಟೇ ಎಂದಾದರೆ ಜನ ಅಜ್ಜಿಯನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಹಿಡಿಯಿರಿ. ಊರೆಲ್ಲ ‘ರತ್ನಮ್ಮ’ ಎನ್ನುತ್ತಿದ್ದರೆ ‘ರತ್ನ’ ಸಾಕು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ‘ನಾಗಮ್ಮ’ ಎನ್ನುತ್ತಿದ್ದರೆ ಮತ್ತೆ ‘ನಾಗ’ಕ್ಕೇ ಬರಬೇಕು.

ಜಾತಕ ನೋಡುವ ಮನೆಯಾದರೆ ಅಕ್ಷರದ ಮಾತೂ ಬರುತ್ತದೆ. ಅನೂರಾಧಾ ನಕ್ಷತ್ರದ ನಾಲ್ಕು ಪಾದಗಳಿಗೆ ನಾ, ನೀ, ನೂ, ನೇ. ಮಗು ಅನೂರಾಧಾ ಒಂದನೇ ಪಾದದಲ್ಲಿ ಹುಟ್ಟಿದ್ದರೆ ನಾಗರತ್ನ ತಾನಾಗಿ ಹೊಂದುತ್ತದೆ. ಚಿತ್ತಾ ನಕ್ಷತ್ರಕ್ಕೆ ಪೇ, ಪೋ, ರಾ, ರೀ. ಮೂರನೇ ಪಾದವಾದರೆ ರತ್ನ ಸರಿ. ಬೇರೆ ನಕ್ಷತ್ರವಾದರೂ ಪೂರ್ತಿ ಬಾಗಿಲು ಮುಚ್ಚಿದಂತಲ್ಲ: ನಕ್ಷತ್ರನಾಮ, ಮಾಸನಾಮ, ವ್ಯಾವಹಾರಿಕ ನಾಮ ಎಂದು ಹಲವು ಹೆಸರು ಇಡುವ ಪದ್ಧತಿ ನಾಮಕರಣದಲ್ಲೇ ಇದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಲ್ಲಿ ಬರೆಯುವಾಗ ಒಂದಕ್ಕಿಂತ ಹೆಚ್ಚು ಹೆಸರು ಬರೆಯುವುದು ಹೊಸದೇನೂ ಅಲ್ಲ. ಪುರೋಹಿತರಿಗೆ ಮುಂಚಿತವಾಗಿ ಹೇಳಿಡಿ.

ಕೂಗಿ ನೋಡಿ

ಹಾಳೆಯ ಮೇಲೆ ಚೆನ್ನಾಗಿ ಕಾಣುವ ಹೆಸರು ಬಾಯಲ್ಲಿ ಬೇರೆಯಾಗುತ್ತದೆ. ನಾಲ್ಕು ರೀತಿ ಪ್ರಯೋಗ ಮಾಡಿ. ಮಹಡಿಯಿಂದ ಗೇಟಿನ ಹತ್ತಿರ ಇರುವವರನ್ನು ಕರೆಯುವ ಹಾಗೆ ಕೂಗಿ. ಅಪ್ಪನ ಹೆಸರಿನ ಇನಿಷಿಯಲ್ ಸೇರಿಸಿ ಶಾಲೆಯ ಹಾಜರಿಯ ಧಾಟಿಯಲ್ಲಿ ಓದಿ. ಫೋನಿನಲ್ಲಿ ಅಪರಿಚಿತರಿಗೆ ಹೇಳಿ, ಅವರು ಏನು ಬರೆದುಕೊಂಡರೆಂದು ಕೇಳಿ. ಕೊನೆಗೆ, ಮಗುವಿನ ಮೇಲೆ ಸಿಟ್ಟು ಬಂದಾಗ ಬೈಯುವ ದನಿಯಲ್ಲಿ ಒಂದು ಸಲ ಹೇಳಿ.

ಈ ಕೊನೆಯದನ್ನು ಬಿಡಬೇಡಿ. ಅತ್ತೆಯ ಹೆಸರು ಹಿಡಿದು ಕರೆಯುವ ಅಭ್ಯಾಸ ಸೊಸೆಗೆ ಇರುವುದಿಲ್ಲ. ಅದೇ ಹೆಸರಿನ ಮಗುವನ್ನು ‘ನಾಗರತ್ನಾ, ಬಾರೇ ಇಲ್ಲಿ’ ಎಂದು ಅತ್ತೆಯ ಎದುರು ಗದರಿಸಲು ನಾಲಿಗೆ ಬರುವುದಿಲ್ಲ. ಅಜ್ಜಿಯ ಹೆಸರಿನ ಮಗುವನ್ನು ‘ಅವ್ವ’, ‘ಅಮ್ಮಣ್ಣಿ’, ‘ಪುಟ್ಟಿ’ ಎಂದು ಕರೆಯುವ ರೂಢಿ ಹುಟ್ಟಿದ್ದೇ ಹೀಗೆ. ಸೊಸೆಗೆ ಮುಜುಗರ ಇದೆ ಎಂದಾದರೆ ಮುದ್ದಿನ ಹೆಸರೊಂದನ್ನು ಅದೇ ದಿನ ಗೊತ್ತುಮಾಡಿ.

ಮುದ್ದಿನ ಹೆಸರನ್ನು ನೀವು ಗೊತ್ತುಮಾಡದಿದ್ದರೆ ಬೀದಿ ಗೊತ್ತುಮಾಡುತ್ತದೆ. ನಾಗರತ್ನ ತಾನಾಗಿ ‘ನಾಗಿ’ ಆಗುತ್ತದೆ, ಇಲ್ಲವೇ ‘ರತ್ನಿ’. ಪ್ರೀತಿಯಿಂದ ಕರೆದರೂ ಈ ‘ಇ’ಕಾರದಲ್ಲಿ ಸ್ವಲ್ಪ ಸಸಾರ ಇರುತ್ತದೆ, ಅಮ್ಮಂದಿರಿಗೆ ಚುಚ್ಚುವುದು ಅದೇ. ‘ನಾಗು’ ಪರವಾಗಿಲ್ಲ, ಆದರೆ ಮನೆಯಲ್ಲಿ ಒಬ್ಬ ನಾಗರಾಜ ಇದ್ದರೆ ದಿನವೂ ಗೊಂದಲ. ‘ರತ್ನು’, ‘ಚಿನ್ನು’ ನಿಲ್ಲುತ್ತವೆ. ತೊಟ್ಟಿಲು ಹಾಕಿದ ದಿನದಿಂದಲೇ ಮನೆಯವರೆಲ್ಲ ಒಂದೇ ರೂಪ ಬಳಸಬೇಕು. ಒಂದು ಸಲ ‘ನಾಗಿ’ ಅಂಟಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ.

‘ನಾಗಿಣಿ’ ಎಂದು ರೇಗಿಸುವ ವಿಷಯ: ಮಕ್ಕಳು ಯಾವ ಹೆಸರನ್ನೂ ಬಿಡುವುದಿಲ್ಲ, ಈಗಿನ ಹೊಸ ಹೆಸರುಗಳಿಗೂ ಪ್ರಾಸ ಕಟ್ಟುತ್ತಾರೆ. ಇದೊಂದೇ ಕಾರಣಕ್ಕೆ ಹೆಸರು ಬಿಡುವುದು ನಮಗೆ ಸರಿಕಾಣುವುದಿಲ್ಲ. ‘ಇದು ಅಡುಗೆಮನೆಯ ಹೆಸರು’ ಎಂದು ಮೂಗು ಮುರಿಯುವವರಿಗೆ ಹೇಳಲು ಉದಾಹರಣೆಗಳಿವೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ತಮ್ಮ ದುಡಿಮೆಯನ್ನೇ ಸುರಿದರು. ಮೈಸೂರಿನ ಆರ್. ನಾಗರತ್ನಮ್ಮ ಹೆಂಗಸರದೇ ನಾಟಕ ಮಂಡಳಿ ಕಟ್ಟಿ ಗಂಡು ಪಾತ್ರಗಳಲ್ಲಿ ಗರ್ಜಿಸಿದರು, 2012ರಲ್ಲಿ ಪದ್ಮಶ್ರೀ ಪಡೆದರು. ನ್ಯಾಯಮೂರ್ತಿ ಬಿ.ವಿ. ನಾಗರತ್ನ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಎರಡು ಹೆಸರು ಸೇರಿಸುವುದಾದರೆ

‘ಅನ್ವಿತಾ ನಾಗರತ್ನ’ ಎಂಬಂಥ ರಾಜಿ ಈಗ ಸಾಮಾನ್ಯ. ಕೆಲಸಕ್ಕೂ ಬರುತ್ತದೆ, ಆದರೆ ಅನುಕ್ರಮ ನೋಡಿಕೊಳ್ಳಿ. ಶಾಲೆಯಲ್ಲಿ ಕರೆಯುವುದು ಮೊದಲನೆಯದನ್ನು. ಪಾಸ್‌ಪೋರ್ಟಿನಲ್ಲಿ ಎರಡನೆಯದನ್ನು ಸರ್‌ನೇಮ್ ಜಾಗಕ್ಕೆ ಹಾಕಿದರೆ ವಿದೇಶದಲ್ಲಿ ಆಕೆ ಮುಂದೆ ‘ಮಿಸ್ ನಾಗರತ್ನ’. ಅದು ಬೇಡವಾದರೆ ಎರಡೂ ಪದಗಳನ್ನು ಗಿವನ್ ನೇಮ್‌ನಲ್ಲಿ ಇಟ್ಟು ಸರ್‌ನೇಮ್‌ಗೆ ಅಪ್ಪನ ಅಥವಾ ಅಮ್ಮನ ಹೆಸರನ್ನೋ ಮನೆತನದ ಹೆಸರನ್ನೋ ಪೂರ್ತಿಯಾಗಿ ಕೊಡಿ.

ಸರ್‌ನೇಮ್ ಖಾಲಿ ಬಿಡುವುದು ನಮ್ಮಲ್ಲಿ ರೂಢಿ, ಪ್ರಯಾಣದಲ್ಲಿ ಅದೇ ತಲೆನೋವು. ಒಂದೇ ಪದದ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಪದ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. 2022ರ ನವೆಂಬರಿನಲ್ಲಿ ಯುಎಇ ಕೂಡ ಒಂದೇ ಪದದ ಹೆಸರಿನ ಸಂದರ್ಶಕರನ್ನು ಒಳಬಿಡುವುದಿಲ್ಲ ಎಂದಿತು, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಸಡಿಲಿಕೆ ಕೊಟ್ಟಿತು. ಆದ್ದರಿಂದ ‘ನಾಗರತ್ನ ಕೆ.’ ಎಂದು ಒಂಟಿ ಅಕ್ಷರ ಬೇಡ, ‘ಕೆ’ಯನ್ನು ಜನನ ಪ್ರಮಾಣಪತ್ರದಲ್ಲೇ ಬಿಡಿಸಿ ಬರೆಸಿ.

ಸ್ಪೆಲ್ಲಿಂಗ್

ಇಲ್ಲಿರುವ ಪ್ರಶ್ನೆ ಒಂದೇ: ‘ತ್ನ’ಕ್ಕೆ ಬರೀ ಟಿ ಹಾಕಬೇಕೋ, ಟಿ ಮತ್ತು ಎಚ್ ಎರಡೂ ಬೇಕೋ. ನಮ್ಮ ಕಡೆ ಟಿ ಎಂದರೆ ‘ಟ’, ಟಿ-ಎಚ್ ಎಂದರೆ ‘ತ’. ಉತ್ತರ ಭಾರತದವರು ಟಿ-ಎಚ್ ನೋಡಿದರೆ ‘ಥ’ ಎನ್ನುತ್ತಾರೆ, ಹೆಸರು ‘ನಾಗರಥ್ನಾ’ ಆಗುತ್ತದೆ. ಹೊರದೇಶದಲ್ಲೂ ಎಚ್ ಇದ್ದರೆ ಇನ್ನಷ್ಟು ತಡವರಿಸುತ್ತಾರೆ. ಮಗು ಕರ್ನಾಟಕದಲ್ಲೇ ಬೆಳೆಯುವುದಾದರೆ ಎಚ್ ಇರಲಿ. ಪುಣೆ, ದೆಹಲಿ, ಹೊರದೇಶದಲ್ಲಾದರೆ ಎಚ್ ಬಿಡಿ. ಯಾವುದೇ ಆಗಲಿ, ಎಲ್ಲ ದಾಖಲೆಯಲ್ಲೂ ಒಂದೇ ಇರಲಿ. ಅದೃಷ್ಟಕ್ಕೆಂದು ಕೊನೆಯಲ್ಲಿ ಇನ್ನೊಂದು ಎ ಸೇರಿಸಲು ಸಂಖ್ಯಾಶಾಸ್ತ್ರದವರು ಹೇಳಿದರೆ, ಆ ಕಾಗುಣಿತವನ್ನು ಜೀವನಪೂರ್ತಿ ಪ್ರತಿ ಕೌಂಟರಿನಲ್ಲೂ ಬಿಡಿಸಿ ಹೇಳಬೇಕಾದವಳು ಮಗು ಎಂಬುದು ನೆನಪಿರಲಿ.

ಕಾಗದಪತ್ರ

ಅವಸರ ಬೇಡ, ಕಾನೂನೇ ಸಮಯ ಕೊಟ್ಟಿದೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಇರುವುದೇ ಇದಕ್ಕೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಅದಾದ ಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ‘ಸದ್ಯಕ್ಕೆ ಏನೋ ಒಂದು ಬರೆಸೋಣ’ ಎನ್ನಬೇಡಿ, ಹೆಸರಿನ ಕಾಲಂ ಖಾಲಿ ಬಿಡಿ. ಖಾಲಿ ಕಾಲಂ ತುಂಬುವುದು ಸುಲಭ. ಒಮ್ಮೆ ಬರೆದ ಹೆಸರಿನಲ್ಲಿ ಕಣ್ತಪ್ಪು ಇದ್ದರೆ ತಿದ್ದುತ್ತಾರೆ, ಹೆಸರನ್ನೇ ಬದಲಿಸಲು ಮಾತ್ರ ಅಲೆದಾಡಬೇಕು.

ತಾಯಿ ಕಾರ್ಡಿನಲ್ಲಿ ಏನು ಬರೆದಿದ್ದರೂ ಚಿಂತೆಯಿಲ್ಲ. ಆಧಾರ್ ಮಾತ್ರ ಹೆಸರು ಗಟ್ಟಿಯಾದ ಮೇಲೇ ಮಾಡಿಸಿ, ಅಲ್ಲಿ ಜೀವಮಾನದಲ್ಲಿ ಎರಡೇ ಸಲ ಹೆಸರು ತಿದ್ದಲು ಅವಕಾಶ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಮದುವೆ ನೋಂದಣಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ, ಆದ್ದರಿಂದ ಅದರಲ್ಲಿನ ಹೆಸರೇ ಎಲ್ಲ ಕಡೆಗೂ ಹೋಗುತ್ತದೆ. ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಎಲ್ಲರೂ ಇಂಗ್ಲಿಷ್ ಮಾತ್ರ ನೋಡಿ ಹೊರಡುತ್ತಾರೆ, ಕನ್ನಡದಲ್ಲಿ ‘ನಾಗರತ್ನ’ ಹೋಗಿ ‘ನಾಗರಥ್ನ’ ಆಗಿರುತ್ತದೆ. ಕೌಂಟರ್ ಬಿಡುವ ಮುಂಚೆ ಎರಡನ್ನೂ ಒಂದೊಂದೇ ಅಕ್ಷರ ಓದಿ, ಅಪ್ಪ ಅಮ್ಮನ ಹೆಸರು ಅವರವರ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದೂ ನೋಡಿಕೊಳ್ಳಿ.