11 ಕೆವಿ ಕೇಬಲ್ ಆರ್ಡರ್ ಮಾಡುವ ಮುಂಚೆ ಇದನ್ನು ನೋಡಿ

ಫ್ಯಾಕ್ಟರಿಗೋ ಅಪಾರ್ಟ್‌ಮೆಂಟಿಗೋ ಕೇಬಲ್ ಹಾಕಿಸುವವರು ಸುಮ್ನೆ ‘11 ಕೆವಿ ಎಕ್ಸ್‌ಎಲ್‌ಪಿಇ’ (ಎಕ್ಸ್‌ಎಲ್‌ಪಿಇ ಅಂದ್ರೆ ಒಂದು ಬಗೆಯ ಪ್ಲಾಸ್ಟಿಕ್ ಇನ್ಸುಲೇಶನ್) ಎಂದು ಬರೆದು ಕೊಟೇಶನ್ ಕೇಳಬೇಡಿ. ಅದರಲ್ಲೇ ಎರಡು ಬಗೆ ಇದೆ. ಅರ್ತ್ ಆದ (ನ್ಯೂಟ್ರಲ್ ನೆಲಕ್ಕೆ ಜೋಡಿಸಿದ) ಸಿಸ್ಟಮ್‌ಗೆ 6.35/11, ಅರ್ತ್ ಆಗದ್ದಕ್ಕೆ 11/11. ಮೊದಲ ಅಂಕಿ ಫೇಸ್‌ಗೂ ನೆಲಕ್ಕೂ ನಡುವಿನ ಕೆವಿ ರೇಟಿಂಗ್, ಎರಡನೆಯದು ಫೇಸ್ ಫೇಸ್ ನಡುವಿನದು. ಭಾರತೀಯ ಮಾನದಂಡ ಐಎಸ್ 7098 ಭಾಗ 2ರ ಪ್ರಕಾರ 6.35/11ರ ಇನ್ಸುಲೇಶನ್ ದಪ್ಪ 3.6 ಮಿ.ಮೀ., 11/11ರದ್ದು 5.5 ಮಿ.ಮೀ. ಇಷ್ಟು ವ್ಯತ್ಯಾಸ ಯಾಕೆ ಅಂದ್ರೆ, ಅರ್ತ್ ಆಗದ ಲೈನಿನಲ್ಲಿ ಒಂದು ಫೇಸ್ ನೆಲಕ್ಕೆ ತಾಗಿದರೆ ಉಳಿದೆರಡರ ಇನ್ಸುಲೇಶನ್ ಮೇಲೆ ಪೂರ್ತಿ 11 ಕೆವಿ ಬೀಳುತ್ತದೆ. ತೆಳುವಾದದ್ದು ಅದನ್ನು ಜಾಸ್ತಿ ಹೊತ್ತು ತಾಳುವುದಿಲ್ಲ. ನಿಮ್ಮದು ಯಾವುದೆಂದು ಇಂಜಿನಿಯರ್ ಹತ್ತಿರ ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಹೊರದೇಶದ ಡ್ರಾಯಿಂಗ್‌ನಲ್ಲಿ ಅಂತರರಾಷ್ಟ್ರೀಯ ಮಾನದಂಡ ಐಇಸಿ 60502-2 ಪ್ರಕಾರ 6/10 (12) ಎಂದಿದ್ದರೆ (ಆವರಣದಲ್ಲಿರುವುದು ಸಿಸ್ಟಮ್‌ನ ಗರಿಷ್ಠ ಕೆವಿ) ಅಲ್ಲಿ ಇನ್ಸುಲೇಶನ್ ದಪ್ಪ 3.4 ಮಿ.ಮೀ. ಟರ್ಮಿನೇಶನ್ ಕಿಟ್ (ಕೇಬಲ್ ತುದಿಗೆ ಹಾಕುವ ಸಾಮಾನು) ತರಿಸುವಾಗ ಅಳತೆ ನೋಡಿಕೊಳ್ಳಿ.

ಸಿಂಗಲ್ ಕೋರ್ (ಒಳಗೆ ಒಂದೇ ಕಂಡಕ್ಟರ್ ಇರುವ) ಎಸಿ ಕೇಬಲ್ ಆದರೆ ಅಲ್ಯೂಮಿನಿಯಂ ಆರ್ಮರ್, ಅಂದರೆ ಕೇಬಲ್ ಸುತ್ತಲಿನ ಲೋಹದ ರಕ್ಷಣೆ, ಕೇಳಿ. ಸ್ಟೀಲ್ ಆರ್ಮರ್ ಬಿಸಿಯಾಗುತ್ತದೆ.