ಬಳ್ಳಾರಿ ಕೋಟೆ ಹತ್ತುವವರಿಗೆ

ಬಳ್ಳಾರಿ ಕೋಟೆ ನೋಡಬೇಕು ಅಂತಿದ್ದರೆ ಬೆಳಿಗ್ಗೆಯೇ ಹತ್ತಿ. ಹೋದ ವರ್ಷ ಏಪ್ರಿಲ್‌ನಲ್ಲಿ ಅಕ್ಕನ ಮಗನನ್ನು ಹನ್ನೊಂದು ಗಂಟೆಗೆ ಕರ್ಕೊಂಡು ಹೋಗಿದ್ದೆ. ಅರ್ಧ ದಾರಿಗೇ ಹುಡುಗನಿಗೆ ಕಣ್ಣು ಕತ್ತಲೆ ಬಂತು. ಬಂಡೆ ನೆರಳಲ್ಲಿ ಕೂರಿಸಿ, ನೀರು ಕುಡಿಸಿ, ಕೈ ಹಿಡಿದು ಇಳಿಸಿಕೊಂಡು ಬಂದೆ. ಬಿಸಿಲೇರಿದರೆ ಆ ಗುಡ್ಡ ಕಾದ ಹೆಂಚು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಗೇಟು ಎಷ್ಟೊತ್ತಿಗೆ ತೆರೆಯುತ್ತೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಒಬ್ಬರಿಗೆ ಎರಡು ಲೀಟರ್ ನೀರು, ಜಾರದ ಶೂ, ತಲೆಗೊಂದು ಟವೆಲ್. ಇಷ್ಟಿದ್ದರೆ ಸಾಕು.

ನಾನು ಕೌಲ್‌ಬಜಾರ್‌ನಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವವನು. ಭಾನುವಾರ ಬಂದರೆ ಕೋಟೆಗೆ ಹೋಗುತ್ತೇನೆ. ಹೊಲಿಯುವ ಕಸುಬಾದ್ದಕ್ಕೇ ನನ್ನ ಕಣ್ಣು ಮೊದಲು ಹೋಗುವುದು ಜೋಡಣೆ ಮೇಲೆ. ಮೆಟ್ಟಿಲು ಹತ್ತುವಾಗ ಗೋಡೆ ಬಂಡೆಗೆ ಕೂಡುವ ಜಾಗದಲ್ಲಿ ಒಂದು ನಿಮಿಷ ನಿಲ್ಲಿ. ಬಂಡೆ ಉಬ್ಬಿದ ಕಡೆ ಕಲ್ಲಿನ ಅಡಿಯನ್ನು ಅದೇ ಉಬ್ಬಿಗೆ ತಕ್ಕಂತೆ ಕಡಿದು ಕೂರಿಸಿದ್ದಾರೆ. ಮೈ ಅಳತೆ ತಗೊಂಡು ಬಟ್ಟೆ ಕತ್ತರಿಸಿದ ಹಾಗೆ. ಅಂಗೈ ಇಟ್ಟು ನೋಡಿ, ಸಂದು ಎಲ್ಲಿದೆ ಅಂತ ಹುಡುಕಬೇಕಾಗುತ್ತೆ. ಎಷ್ಟೋ ಜನ ಸೆಲ್ಫಿ ಅವಸರದಲ್ಲಿ ಇದನ್ನು ದಾಟಿಕೊಂಡು ಹೋಗಿಬಿಡುತ್ತಾರೆ.

ಗುಡ್ಡದ ಮೇಲಿನ ಕೋಟೆಯನ್ನು ಕಟ್ಟಿಸಿದ್ದು ಪಾಳೇಗಾರ ಹನುಮಪ್ಪ ನಾಯಕ. ಬುಡದಲ್ಲಿರುವ ಕೆಳಕೋಟೆ ಈ ರೂಪಕ್ಕೆ ಬಂದದ್ದು ಹೈದರಾಲಿ ಕಾಲದಲ್ಲಿ. ಆ ಕೆಲಸ ಮಾಡಿದ ಫ್ರೆಂಚ್ ಎಂಜಿನಿಯರನನ್ನು ಹೈದರನೇ ಗಲ್ಲಿಗೇರಿಸಿದ ಅಂತ ಊರಲ್ಲಿ ಕಥೆ ಇದೆ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇತ್ತು, ಅದನ್ನು ಗಮನಿಸದೆ ಇಲ್ಲಿ ಕಟ್ಟಿದ್ದೇ ಎಂಜಿನಿಯರನ ತಪ್ಪಂತೆ. ಕಥೆಯನ್ನು ಕಥೆ ಅಂತಲೇ ಕೇಳಿ. ಆದರೆ ಮೇಲೆ ನಿಂತು ಕುಂಬಾರ ಗುಡ್ಡದ ಕಡೆ ತಿರುಗಿ ನೋಡಿದರೆ ಜನ ಯಾಕೆ ಹಾಗೆ ಹೇಳಿದರು ಅಂತ ಗೊತ್ತಾಗುತ್ತೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿನ ಮೊದಲ ಮುಖ್ಯ ಕಲೆಕ್ಟರ್. ಆಮೇಲೆ ಇದು ದಂಡಿನ ಊರಾಯಿತು, 1953ರ ತನಕ ಮದ್ರಾಸಿಗೆ ಸೇರಿತ್ತು.

ತುದಿ ತಲುಪಿದ ಮೇಲೆ ಬಂಡೆ ಸೀಳುಗಳಲ್ಲಿ ಮಳೆನೀರು ನಿಲ್ಲುವ ಹೊಂಡಗಳು ಸಿಗುತ್ತವೆ. ಇಷ್ಟು ಎತ್ತರದಲ್ಲಿ ಇದ್ದವರಿಗೆ ಆ ನೀರೇ ಗತಿ. ಅಂಚಿಗೆ ಹೋಗಬೇಡಿ, ಪಾಚಿ ಇರುತ್ತೆ. ಮಕ್ಕಳ ಕೈ ಬಿಡಬೇಡಿ. ಕರ್ನೂಲಿನ ನವಾಬ ಮುಜಫ್ಫರ್ ಖಾನನನ್ನು ಹೆಂಡತಿಯ ಕೊಲೆಗಾಗಿ ಬ್ರಿಟಿಷರು 1823ರಿಂದ 1864ರವರೆಗೆ ಈ ಕೋಟೆಯಲ್ಲೇ ಸೆರೆ ಇಟ್ಟಿದ್ದರು. ನಲವತ್ತು ವರ್ಷ ರೀ! ಬಳ್ಳಾರಿಯ ನಲವತ್ತು ಬೇಸಿಗೆ. ಆ ಕೊಲೆಯಾದ ಹೆಣ್ಣುಮಗಳ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ನಾನು ಪ್ರತಿ ಸಲ ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ಬರುತ್ತೇನೆ.

ಕೂತಲ್ಲಿಂದ ಊರು ನೋಡಿ. ಬ್ರೂಸ್‌ಪೇಟೆಯ ಹೆಸರಲ್ಲಿ ಇವತ್ತಿಗೂ ಒಬ್ಬ ಬ್ರಿಟಿಷ್ ಅಧಿಕಾರಿ ಉಳಿದಿದ್ದಾನೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರಲ್ಲಿ 1843ರಲ್ಲಿ ಶುರುವಾಯಿತು, ಅಲ್ವಾ? ಮರುವರ್ಷ ಅದು ‘ಕನ್ನಡ ಸಮಾಚಾರ’ ಅಂತ ಹೆಸರು ಬದಲಿಸಿಕೊಂಡು ಅಚ್ಚಾದದ್ದು ಈ ಊರಲ್ಲೇ. ಇಲ್ಲಿ ಮಿಶನ್‌ನವರ ಅಚ್ಚುಕೂಟ ಇತ್ತು. ಇದನ್ನು ಬಂದವರಿಗೆಲ್ಲ ಹೇಳುತ್ತೇನೆ, ಹೇಳುವಾಗ ಎದೆ ಉಬ್ಬುತ್ತೆ.

ಇಳಿಯುವಾಗ ಅವಸರ ಬೇಡ, ಮಂಡಿಗೆ ಕಷ್ಟ ಇಳಿಜಾರಲ್ಲೇ ಜಾಸ್ತಿ. ಗೋಡೆ ಮೇಲೆ ಕೀಲಿಕೈಯಿಂದ ಹೆಸರು ಗೀಚುವವರು ಕಂಡರೆ ದಯವಿಟ್ಟು ಬೇಡ ಅನ್ನಿ. ಮೆತ್ತಗೆ ಹೇಳಿದರೆ ಹುಡುಗರು ಕೇಳುತ್ತಾರೆ. ಕೆಳಗೆ ಬಂದು ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು, ದಣಿವಾರಿದ ಮೇಲೆ ಕೆಳಕೋಟೆ ಕಡೆ ನಡೆಯಿರಿ. ಅದು ಗುಡ್ಡದ ಪೂರ್ವದ ಬುಡದಲ್ಲಿದೆ. ಸುತ್ತ ಕಂದಕ ಇದ್ದ ಕೋಟೆ ಅದು, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಾಗಿಲು.